ಕತ್ತಲರಾಯನ ಬೆನ್ನು

ಬೆಳಗಿನಿಂದ ಅವನು ಒಂದೇ ಏಟಿನ ಹಿಂದೆ ಬಿದ್ದಿದ್ದ. ಪರದೆಯ ಮೇಲೆ ಕೆಂಪು ಮುಖವಾಡದ ಮಿಂಚುಮುಷ್ಟಿ ಹಾರಿ ಬರುತ್ತಾನೆ, ತೋಳನ್ನು ಕಿವಿಯ ಹಿಂದಿನತನಕ ಎಳೆಯುತ್ತಾನೆ, ಕತ್ತಲರಾಯನ ಬೆನ್ನಿಗೆ ಗುದ್ದುತ್ತಾನೆ, ಕತ್ತಲರಾಯ ಮುಗ್ಗರಿಸಿ ಬೀಳುತ್ತಾನೆ, ಅಲ್ಲಿಗೆ ಇಡೀ ಕಾರ್ಟೂನು ಮುಗಿಯುತ್ತದೆ. ಚಿತ್ರವಿದೆ, ಸದ್ದಿಲ್ಲ. ಸದ್ದು ಕೊಡಬೇಕಾದವನು ಇವನು. ಗೋಣಿಚೀಲದಲ್ಲಿ ಹಳೆಬಟ್ಟೆ ತುರುಕಿ ಹೊಲಿದ ಮೂಟೆಯೊಂದನ್ನು ಕುರ್ಚಿಗೆ ಕಟ್ಟಿ ಕೂರಿಸಿದ್ದ. ಬಕೆಟ್ಟಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಬಲಗೈ ಮುಷ್ಟಿಗೆ ಬಿಗಿಯಾಗಿ ಸುತ್ತಿಕೊಂಡಿದ್ದ. ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು. ಮಿಂಚುಮುಷ್ಟಿ ತೋಳೆಳೆದ, ಇವನೂ ಎಳೆದ. ಅವನು ಗುದ್ದಿದ, ಇವನೂ ಗುದ್ದಿದ. ಧಪ್. ಅಲ್ಲ, ಇದಲ್ಲ. ಸಿನಿಮಾಗಳಲ್ಲಿ ಹೀರೋಗಳು ಹೊಡೆಯುವುದು ಗಾಳಿಗೆ. ಏಟು ನಿಜವಾಗಿ ಬೀಳುವುದು ಇಂಥ ಕಿಟಕಿಯಿಲ್ಲದ ಕೋಣೆಗಳಲ್ಲಿ, ಇಂಥ ಮೂಟೆಗಳ ಮೇಲೆ. ಅರ್ಧ ಆಯುಸ್ಸು ಅವನು ಮಾಡಿಕೊಂಡು ಬಂದದ್ದು ಇದನ್ನೇ. ಸ್ಟುಡಿಯೋದಲ್ಲಿ ಅವನ ಹೆಸರು ಯಾರಿಗೂ ಬೇಕಿಲ್ಲ, ಟವೆಲ್ ಮಾಸ್ಟರ್ ಎಂದರೆ ಸಾಕು. ಒದ್ದೆ ಟವೆಲಿನ ಏಟಿಗೆ ಒಂದು ಗುಣವಿದೆ: ಸದ್ದು ಆಚೆ ಹೋಗುವುದಿಲ್ಲ, ಒಳಕ್ಕೆ ಇಳಿಯುತ್ತದೆ. ಥಿಯೇಟರಿನಲ್ಲಿ ಕೂತವರ ಹೊಟ್ಟೆ ಹಿಂಡಿದಂತಾಗುತ್ತದೆ. ಇದನ್ನೆಲ್ಲಿ ಕಲಿತಿರಿ ಮಾಸ್ಟರ್ ಎಂದು ಯಾರಾದರೂ ಕೇಳಿದರೆ, ಕಲಿಯೋದೇನು ಬಂತು, ತಾನಾಗಿ ಬಂತು ಎನ್ನುತ್ತಿದ್ದ. ಹಾಗೆನ್ನುವಾಗ ಬೆನ್ನಿನ ಮಧ್ಯದಲ್ಲಿ, ಕೈಗೆ ಎಟುಕದ ಜಾಗದಲ್ಲಿ, ಸಣ್ಣಗೆ ತುರಿಸುತ್ತಿತ್ತು.

ಮಿಂಚುಮುಷ್ಟಿಯ ಕೆಲಸ ಬಂದಾಗ ಅವನು ಮಗುವಿನಂತೆ ಕುಣಿದಿದ್ದ. ಯಾವುದೋ ಗೋಡೌನಿನಲ್ಲಿ ಕಾರ್ಟೂನಿನ ರೀಲುಗಳು ಸಿಕ್ಕಿದ್ದವು. ಸದ್ದಿನ ಟೇಪುಗಳಿಗೆ ಬೂಷ್ಟು ಹಿಡಿದು ಅಂಟಿಕೊಂಡು ಗಂಜಿಯಾಗಿದ್ದವು. ಚಿತ್ರಕ್ಕೆ ಹೊಸದಾಗಿ ಸದ್ದು ಹಾಕಬೇಕು, ಹಳಬರು ಕೇಳಿದರೆ ಅದೇ ಎನ್ನಬೇಕು ಎಂದು ಕಂಪನಿಯವರು ಹೇಳಿದರು. "ನಂಗೆ ಒಂದೊಂದು ಏಟೂ ನೆನಪಿದೆ ಸ್ವಾಮಿ. ಬಾಯಿಪಾಠ," ಎಂದು ಇವನು ಎದೆ ತಟ್ಟಿಕೊಂಡ. ಸುಳ್ಳೇನಲ್ಲ. ಮೊದಲ ದಿನ ಕೋಣೆಯ ದೀಪ ಆರಿಸಿ, ಸದ್ದಿಲ್ಲದ ಆ ಚಿತ್ರ ಪರದೆಯ ಮೇಲೆ ಮಿಣಮಿಣ ಎಂದಾಗ ಅವನ ಕಣ್ಣು ತುಂಬಿ ಬಂತು. ಕೆಂಪು ಮುಖವಾಡ, ಹರಿದ ಅಂಚಿನ ಮೇಲಂಗಿ, ಓಡುವಾಗ ನೆಲಕ್ಕೆ ತಾಗದ ಕಾಲು. ಅವನ ಬಾಲ್ಯದಲ್ಲಿ ಅದಕ್ಕಿಂತ ಚೆನ್ನಾದದ್ದು ಇನ್ನೇನಿತ್ತು? ಸದ್ದಿಲ್ಲ ಎಂಬುದು ಅವನಿಗೆ ಕೊರತೆ ಎಂದೇ ಅನ್ನಿಸಲಿಲ್ಲ. ಅವನು ಅದನ್ನು ನೋಡಿದ್ದೇ ಹಾಗೆ.

ಅಪ್ಪನದು ಗಿರಣಿಯಲ್ಲಿ ರಾತ್ರಿಪಾಳಿ. ಭಾನುವಾರ ಬೆಳಿಗ್ಗೆ ಬಂದು, ನೂಲಿನ ಧೂಳು ಮೆತ್ತಿದ ಹುಬ್ಬಿನಲ್ಲೇ ಮಲಗಿಬಿಡುತ್ತಿದ್ದ. ಮನೆಗೆ ಎರಡೇ ಕೋಣೆ, ನಡುವೆ ಬಾಗಿಲಿಲ್ಲ, ಪರದೆ. ಪರದೆಯ ಆಚೆ ಅಪ್ಪನ ಗೊರಕೆ, ಈಚೆ ಟಿವಿ. "ಸದ್ದು ಮಾಡ್ಬೇಡಿ, ಎದ್ದರೆ ನಾನಂತೂ ಅಡ್ಡ ಬರಲ್ಲ," ಎಂದು ಅಮ್ಮ ಅಡುಗೆಮನೆಯಿಂದ ಪಿಸುಗುಡುತ್ತಿದ್ದಳು. ಅಣ್ಣ ಟಿವಿಯ ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ತಮ್ಮನ ಕಿವಿಗೆ ಬಾಯಿಟ್ಟು, ಕಾರ್ಟೂನಿನ ಮಾತನ್ನೆಲ್ಲ ತಾನೇ ಆಡುತ್ತಿದ್ದ. ಕತ್ತಲರಾಯ ಏನಂದ, ಅದಕ್ಕೆ ಮಿಂಚುಮುಷ್ಟಿ ಏನಂದ, ಎಲ್ಲ ಅಣ್ಣನ ಬಿಸಿ ಉಸಿರಿನಲ್ಲಿ. ಶಾಲೆಯಲ್ಲಿ ಬೇರೆ ಹುಡುಗರು ಆ ಖಳನಿಗೆ ಬೇರೇನೋ ಹೆಸರು ಹೇಳುತ್ತಿದ್ದರು. ಅವರಿಗೆ ಗೊತ್ತಿಲ್ಲ ಬಿಡು ಎಂದು ಇವನು ನಗುತ್ತಿದ್ದ. ಕಾರ್ಟೂನು ಮುಗಿದದ್ದೇ ಆಟ ಶುರು. ಅಣ್ಣ ಮಿಂಚುಮುಷ್ಟಿ, ಇವನು ಕತ್ತಲರಾಯ. ಬದಲಾಯಿಸಿ ಆಡೋಣ ಎಂದು ಒಂದು ಸಲ ಕೇಳಿದ್ದಕ್ಕೆ, ನಿಂಗೆ ಹೊಡೆಯೋಕೆ ಬರಲ್ಲ ಕಣೋ ಎಂದು ಅಣ್ಣ ಬಹಳ ಪ್ರೀತಿಯಿಂದ ತಲೆ ನೇವರಿಸಿದ್ದ. ಬರಿಗೈಯಲ್ಲಿ ಹೊಡೆದರೆ ಚಟ್ ಎಂದು ಸದ್ದಾಗುತ್ತದೆ, ಅಪ್ಪ ಏಳುತ್ತಾನೆ. ಅದಕ್ಕೇ ಅಣ್ಣ ಟವೆಲು ಒದ್ದೆ ಮಾಡಿ ಮುಷ್ಟಿಗೆ ಸುತ್ತಿಕೊಂಡ. "ತಿರುಗು," ಎನ್ನುತ್ತಿದ್ದ. ಇವನು ತಿರುಗಿ, ಗೋಡೆಗೆ ಕೈಕೊಟ್ಟು ನಿಲ್ಲುತ್ತಿದ್ದ. ಆ ಭಾನುವಾರ ಟಿವಿಯಲ್ಲಿ ಎಷ್ಟು ಗುದ್ದು ಬಿತ್ತೋ ಅಷ್ಟೂ, ಅದೇ ಕ್ರಮದಲ್ಲಿ, ಅದೇ ಜಾಗಕ್ಕೆ ಬೀಳುತ್ತಿತ್ತು. ಅಣ್ಣನ ನೆನಪಿನ ಶಕ್ತಿಯೇ ಶಕ್ತಿ. ಧಪ್ ಎಂದು ಒಳಕ್ಕೆ ಇಳಿಯುತ್ತಿತ್ತು ಸದ್ದು. ಕತ್ತಲರಾಯ ಉಸಿರೆತ್ತದೆ ಬೀಳಬೇಕು. ಮೊದಲು ಮೊಣಕಾಲು, ಆಮೇಲೆ ಅಂಗೈ, ಕೊನೆಗೆ ಕೆನ್ನೆ. ಹೀಗೆ ಬಿದ್ದರೆ ಬೆಕ್ಕು ಕೂತಷ್ಟೂ ಸದ್ದಾಗುವುದಿಲ್ಲ. ಸ್ನಾನಕ್ಕೆ ಬೆನ್ನುಜ್ಜುವಾಗ ಅಮ್ಮನ ಕೈ ಒಂದು ಕಡೆ ಬಂದು ನಿಧಾನವಾಗುತ್ತಿತ್ತು. ಏನೂ ಕೇಳದೆ ಮತ್ತೆ ಉಜ್ಜುತ್ತಿತ್ತು. ಅಪ್ಪನಿಗೆ ಎಚ್ಚರವಾದ ದಿನ ಬೆಲ್ಟು ಅಣ್ಣನಿಗೆ, ದೊಡ್ಡವನಲ್ಲವೇ. ಮುಂದಿನ ಭಾನುವಾರ ಅದರ ಬಡ್ಡಿ ಇವನಿಗೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಇಷ್ಟೆಲ್ಲ ಆದರೂ ಶನಿವಾರ ರಾತ್ರಿ ಇವನಿಗೆ ಖುಷಿಯಿಂದ ನಿದ್ದೆ ಬರುತ್ತಿರಲಿಲ್ಲ. ಅಣ್ಣ ವಾರದಲ್ಲಿ ಅದೊಂದು ದಿನ ಮಾತ್ರ ಪೂರ್ತಿ ಇವನವನಾಗಿರುತ್ತಿದ್ದ.

"ಮಾಸ್ಟರ್, ಸ್ವಲ್ಪ ಸುಧಾರಿಸ್ಕೊಳ್ಳಿ," ಎಂದಿತು ಹೆಡ್‌ಫೋನಿನೊಳಗಿನ ದನಿ. ಗಾಜಿನ ಆಚೆ ರೆಕಾರ್ಡಿಂಗ್ ಹುಡುಗಿ ಕೂತಿದ್ದಳು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು. ಇವನ ಮಗಳ ವಯಸ್ಸು. ಕೆಲಸ ಬಲ್ಲವಳು, ಮಾತು ಕಡಿಮೆ. "ಇನ್ನೊಂದು ಸಲ ಹಾಕಮ್ಮ," ಎಂದ. ಮತ್ತೆ ಮಿಂಚುಮುಷ್ಟಿ ಹಾರಿ ಬಂದ. ಈ ಸಲ ಇವನು ಭುಜ ಕಳಚುವಂತೆ ಗುದ್ದಿದ. ಕುರ್ಚಿ ಮೂಟೆಸಮೇತ ಹಿಂದಕ್ಕೆ ಉರುಳಿತು. ಎತ್ತಿ ಕೂರಿಸಿ ಮತ್ತೆ ಗುದ್ದಿದ. ಚಿತ್ರ ಮುಗಿದಿತ್ತು, ಪರದೆ ಬೆಳ್ಳಗಾಗಿತ್ತು, ಇವನು ಗುದ್ದುತ್ತಲೇ ಇದ್ದ. ಹೊಲಿಗೆ ಬಿಟ್ಟು ಮೂಟೆಯ ಬೆನ್ನಿನಿಂದ ಚಿಂದಿ ಹೊರಬಂತು. ನೀರೋ ಬೆವರೋ ಮುಖಕ್ಕೆ ಹಾರಿತು. ಹಿಂದಿನ ಕಂತುಗಳ ಒಂದೊಂದು ಏಟೂ ಮೊದಲ ಸಲಕ್ಕೇ ಬಂದಿತ್ತು, ಹಗ್ಗ ಎಳೆದರೆ ಬಾವಿಯಿಂದ ಕೊಡ ಬರುವ ಹಾಗೆ. ಈ ಕೊನೆಯದೊಂದು ಬರಲೊಲ್ಲದು. ಯಾಕೆ ಬರುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರುವುದರ ಮೇಲೆಯೇ ಗುದ್ದುತ್ತಿದ್ದ.

ಹುಡುಗಿ ಬಾಗಿಲು ತೆರೆದು ಒಳಗೆ ಬಂದಳು. ನೆಲದ ಮೇಲಿನ ಚಿಂದಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. "ಮಾಸ್ಟರ್, ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕಿತ್ತು. ಕಂಪನಿಯೋರು ನೆನ್ನೆ ಒಂದು ಟೇಪು ಕಳಿಸಿದಾರೆ. ಯಾರೋ ಮನೇಲಿ ರೆಕಾರ್ಡ್ ಮಾಡಿಟ್ಕೊಂಡಿದ್ದಂತೆ. ಮೂಲ ಸೌಂಡು."

"ಸರಿ ಹಾಕು. ನಂದಕ್ಕೂ ಅದಕ್ಕೂ ಕೂದಲೆಳೆ ವ್ಯತ್ಯಾಸ ಇದ್ರೆ ಹೇಳು."

ಅವಳು ಟೇಪು ಹಾಕಿದಳು. ಮೊದಲು ಪೀಪಿಯ ಸಂಗೀತ. ಮಿಂಚುಮುಷ್ಟಿಗೆ ಮೂಗಿನಲ್ಲಿ ಮಾತಾಡುವ ಎಳೆ ಹುಡುಗನ ದನಿ. ಅವನು ಖಳನನ್ನು ಪ್ರೊಫೆಸರ್ ಗೂಬೆ ಎಂದು ಕರೆದ. ಪ್ರೊಫೆಸರ್ ಗೂಬೆ ಹಿಹಿಹಿ ಎಂದು ನಕ್ಕ. ಗುದ್ದು ಬಿತ್ತು: ಟೊಂಯ್. ಸ್ಪ್ರಿಂಗಿನ ಸದ್ದು. ಇನ್ನೊಂದು ಬಿತ್ತು: ಟಿಣಿಂಗ್, ತಟ್ಟೆ ಬಿದ್ದ ಹಾಗೆ. "ಅಯ್ಯಯ್ಯಪ್ಪಾ, ನನ್ನ ಸೊಂಟ," ಎಂದ ಪ್ರೊಫೆಸರ್ ಗೂಬೆ. ಎಲ್ಲಿಂದಲೋ ಮಕ್ಕಳ ಗುಂಪು ಗೊಳ್ಳೆಂದು ನಕ್ಕಿತು. ಇವನು ಒದ್ದೆ ಟವೆಲು ಸುತ್ತಿದ ಕೈಯನ್ನು ಹಾಗೇ ಮುಂದೆ ಹಿಡಿದುಕೊಂಡು ನಿಂತಿದ್ದ, ತಟ್ಟೆ ಹಿಡಿದು ಸಾರಿಗೆ ಕಾಯುವವನ ಹಾಗೆ. ಟವೆಲಿನಿಂದ ನೀರು ತೊಟ್ಟಿಕ್ಕಿ ಶೂಸಿನ ಮೇಲೆ ಬೀಳುತ್ತಿತ್ತು. ಕಿವಿಯ ಬುಡದಿಂದ ಬಿಸಿ ಏರಿತು. ಇಷ್ಟು ದಿನವೂ ಕಂಪನಿಯವರೆದುರು, ಈ ಹುಡುಗಿಯೆದುರು, ಕತ್ತಲರಾಯ ಕತ್ತಲರಾಯ ಎಂದು ಅವನು ಅಧಿಕಾರವಾಣಿಯಿಂದ ಹೇಳುತ್ತಿದ್ದಾಗ ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ಈಗ ನೆನಪಾಯಿತು. ಮಾಸ್ಟರು ತಮಾಷೆಗೆ ಹೇಳುತ್ತಾರೆ ಎಂದುಕೊಂಡಿರಬೇಕು ಪುಣ್ಯಾತ್ಮರು.

"ಇದು ಕಂಪನಿಯೋರ ಮಾತು, ನಂದಲ್ಲ," ಎಂದಳು ಹುಡುಗಿ, ನೆಲ ನೋಡುತ್ತ. "ನಿಮ್ಮ ಏಟುಗಳನ್ನ ಕೇಳಿದ್ರಂತೆ. ಇದು ಮಕ್ಕಳ ಕಾರ್ಟೂನು, ಇದ್ಯಾಕೆ ನಿಜವಾಗಿ ಯಾವುದೋ ಮಗೂಗೆ ಹೊಡೆದ ಹಾಗೆ ಕೇಳ್ಸುತ್ತೆ ಅಂದ್ರಂತೆ. ಎಲ್ಲಾ ತೆಗೆದು ಈ ಟೇಪಿನ ಹಾಗೇ ಮೆಷಿನ್ ಸೌಂಡು ಹಾಕ್ತಾರಂತೆ. ಸಂಜೆ ಒಳಗೆ ನಿಮ್ಮ ಕಡೆಯಿಂದ ಏನಾದ್ರೂ ಹೇಳೋದಿದ್ರೆ ಹೇಳಿ ಅಂದ್ರು."

ಬೆನ್ನ ಮೇಲೆ ಹೊಡೆದರೂ ಹೊಟ್ಟೆಯ ಮೇಲೆ ಹೊಡೆಯಬಾರದು ಅಂತಾರೆ. ಆದರೆ ಇವನ ಹೊಟ್ಟೆ ಉರಿದದ್ದು ಕೆಲಸ ಹೋಗುತ್ತದೆಂದಲ್ಲ. ಟೊಂಯ್ ಅಂತೆ. ಟಿಣಿಂಗ್ ಅಂತೆ. ಹಾಗಾದರೆ ಊರಿನ ಮಕ್ಕಳೆಲ್ಲ ಆ ಭಾನುವಾರಗಳಲ್ಲಿ ನಗುತ್ತಿದ್ದರೇ? ಬೇರೆ ಮನೆಗಳಲ್ಲಿ ಕತ್ತಲರಾಯ ಹಿಹಿಹಿ ಎನ್ನುತ್ತಿದ್ದನೇ? "ಇದು ಡೂಪ್ಲಿಕೇಟು ಟೇಪು," ಎಂದ. "ಆಮೇಲೆ ಯಾರೋ ಹಾಕಿದ್ದು. ಬೇಕಾದ್ರೆ ನಮ್ಮಣ್ಣನ್ನ ಕೇಳು. ನಾವಿಬ್ರೂ ಒಟ್ಟಿಗೆ ನೋಡಿದ್ದು. ಅವನು ಬಂದು ಹೇಳಲಿ, ಕಂಪನಿಯೋರಿಗೆ ಕೇಳ್ಸು. ಇಲ್ಲ ಅಂದ್ರೆ ನನ್ನ ಟವೆಲು ನಾನು ಒಣಗಿಸ್ಕೊಂಡು ಹೋಗ್ತೀನಿ." ಅವಳ ಉತ್ತರಕ್ಕೂ ಕಾಯದೆ ಫೋನು ತೆಗೆದ. ಅಣ್ಣನಿಗೆ ಫೋನಿನಲ್ಲಿ ಕೂಗಿಯೇ ಮಾತಾಡಬೇಕು. ಎಡಗಿವಿ ಪೂರ್ತಿ ಹೋಗಿದೆ, ಅವಸರದಲ್ಲಿ ಆ ಕಿವಿಗೇ ಇಟ್ಟುಕೊಂಡು ಯಾರೋ ಮಾತೇ ಆಡ್ತಿಲ್ಲ ಎಂದು ಇಟ್ಟುಬಿಡುತ್ತಾನೆ.

ಅಣ್ಣನನ್ನು ಸ್ಟುಡಿಯೋಗೆ ಬರಹೇಳಿ, ಓಣಿಯಂಥ ವರಾಂಡದ ಬೆಂಚಿನ ಮೇಲೆ ಕೂತು ಇವನು ಕಾದ. ಎದುರು ಗೋಡೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು. ಅದರ ಕುತ್ತಿಗೆಗೆ ಬಿಗಿದ ಹಗ್ಗ. ಅದನ್ನೇ ನೋಡುತ್ತ ಕೂತ. ಅಣ್ಣನ ಎಡಗಿವಿ. ಆ ಕೊನೆಯ ಭಾನುವಾರ ಕೊನೆಯ ಕಂತು ಬಂದಿತ್ತು, ಮುಂದಿನ ವಾರದಿಂದ ಇಲ್ಲ. ಅಣ್ಣ ಬೆಳಿಗ್ಗೆಯಿಂದ ಸಪ್ಪಗಿದ್ದ. ಹಿಂದಿನ ವಾರದ ಗುದ್ದುಗಳು ಇವನ ಬೆನ್ನಲ್ಲಿ ಇನ್ನೂ ಹಸಿಯಾಗಿದ್ದವು. ಉಚ್ಚೆಯಲ್ಲಿ ಒಂದಿಷ್ಟು ಕೆಂಪು ಕಂಡಿತ್ತು, ಯಾರಿಗೂ ಹೇಳಿರಲಿಲ್ಲ. ಕಾರ್ಟೂನು ಮುಗಿಯಿತು. "ಇವತ್ತು ಒಂದೇ ಏಟು ಕಣೋ, ಕೊನೇದು," ಎಂದು ಅಣ್ಣ ಟವೆಲು ಸುತ್ತಿಕೊಂಡ. "ತಿರುಗು." ತಿರುಗಿದ. ಗೋಡೆಗೆ ಕೈಕೊಟ್ಟ. ಹಿಂದೆ ಅಣ್ಣ ತೋಳೆಳೆಯುವಾಗ ಬಟ್ಟೆ ಸರ್ ಎಂದದ್ದು ಕೇಳಿಸಿತು. ಆಗ, ಆ ಒಂದು ಕ್ಷಣದಲ್ಲಿ, ಒಂಬತ್ತು ವರ್ಷದ ಆ ಪೋರನಿಗೆ ಎಲ್ಲ ಸ್ಪಷ್ಟವಾಗಿತ್ತು. ಭಯವಲ್ಲ. ನೋವಿಗೆ ಮೊದಲೇ ಬರುವ ಅಳುವೂ ಅಲ್ಲ. ಲೆಕ್ಕ ಹಾಕಿ, ಎದೆ ತುಂಬ ಉಸಿರೆಳೆದು, ಇದ್ದಬದ್ದ ಗಂಟಲೆಲ್ಲ ತೆರೆದು ಅವನು ಕೂಗಿದ್ದ. ಏಟು ಬಿದ್ದಿರಲಿಲ್ಲ. ಅಣ್ಣನ ಕೈ ಗಾಳಿಯಲ್ಲಿ ನಿಂತಿತ್ತು. ಗೊರಕೆ ನಿಂತಿತು, ಪರದೆ ಸರಿಯಿತು, ಅಪ್ಪ ಬಂದ. ಬೆಲ್ಟಿನ ಬಕಲು ಇರುವ ತುದಿ ಅವತ್ತು ಹೊರಗಡೆ ಇತ್ತು. ಮೊದಲ ಹೊಡೆತ ಅಣ್ಣನ ಮುಖದ ಪಕ್ಕಕ್ಕೆ ಬಿತ್ತು. ಆಮೇಲಿನವು ಎಲ್ಲೆಲ್ಲಿ ಬಿದ್ದವೋ. ಅಣ್ಣ ಉಸಿರೆತ್ತಲಿಲ್ಲ. ಮೊದಲು ಮೊಣಕಾಲು, ಆಮೇಲೆ ಅಂಗೈ, ಕೊನೆಗೆ ಕೆನ್ನೆ. ಕಿವಿಯಿಂದ ಇಳಿದದ್ದು ನೆಲದ ಸಿಮೆಂಟಿನ ಬಿರುಕು ಹಿಡಿದು ಇವನ ಕಾಲಿನವರೆಗೆ ಬಂತು. ಅಮ್ಮ ಅಡ್ಡ ಬರಲಿಲ್ಲ. ಇವನು ಗೋಡೆಗೆ ಬೆನ್ನು ಕೊಟ್ಟು ನೋಡುತ್ತಿದ್ದ. ನೋಡುತ್ತಿದ್ದ ಎನ್ನುವುದೂ ಮುಚ್ಚುಮರೆಯೇ. ಅವನಿಗೆ ಹಿತವಾಗಿತ್ತು. ಬೆನ್ನು ತಣ್ಣಗಾದ ಹಾಗಿತ್ತು.

ಅಣ್ಣ ಬಂದ. ಹಾಸಿಗೆ ಅಂಗಡಿ ಇಟ್ಟು ದುಂಡಗಾದ ಮನುಷ್ಯ. ಅಂಗಿಗೆ ಹತ್ತಿಯ ಎಳೆ ಅಂಟಿತ್ತು. ಗಿರಾಕಿಗಳೆದುರು ಹಾಸಿಗೆಯನ್ನು ಅಂಗೈಯಿಂದ ಪಟಪಟ ತಟ್ಟಿ, ನೋಡಿ ಸಾರ್ ಮಗೂ ಬೆನ್ನು ಇದ್ದ ಹಾಗಿದೆ ಎನ್ನುವುದು ಅವನ ವ್ಯಾಪಾರದ ಮಾತು. ಕುತ್ತಿಗೆಯನ್ನು ಸದಾ ಎಡಕ್ಕೆ ತಿರುವಿ, ಬಲಗಿವಿ ಮುಂದೆ ಮಾಡಿಕೊಂಡೇ ನಡೆಯುತ್ತಾನೆ, ಯಾರೋ ಕರೆದಂತೆ. ಬಂದವನೇ ತಮ್ಮನ ಬೆನ್ನಿನ ಮೇಲೆ ಕೈಯಿಟ್ಟ. ಎಷ್ಟೋ ವರ್ಷಗಳಿಂದ ಹಾಗೇ, ಸಿಕ್ಕಾಗೆಲ್ಲ ಮೊದಲು ಬೆನ್ನು ಸವರುತ್ತಾನೆ. ಇವನ ಮದುವೆಗೆ ಅಂಗಡಿಯ ಅತಿ ದುಬಾರಿ ಹಾಸಿಗೆ ಕೊಟ್ಟವನು ಅವನೇ. ಕೊಟ್ಟು, ಇಬ್ಬರೇ ಇದ್ದಾಗ ಗೋಡೆ ನೋಡುತ್ತ ಹೇಳಿದ್ದ: "ಆ ಕೊನೇ ದಿನ ನಾನು ತುಂಬ ಜೋರಾಗಿ ಹೊಡೆದುಬಿಟ್ಟೆ ಕಣೋ. ಅಷ್ಟು ಕೂಗಿದೆ ನೀನು. ಈಗ್ಲೂ ನೆನೆಸ್ಕೊಂಡ್ರೆ ಕರುಳು ಕಿತ್ತು ಬರುತ್ತೆ." ಬೀಳದ ಏಟಿಗೆ ಕ್ಷಮೆ. ಬಿದ್ದವುಗಳ ಬಗ್ಗೆ ಒಂದಕ್ಷರವಿಲ್ಲ. ಅವತ್ತಿನಿಂದ ಆ ಹಾಸಿಗೆಯ ಮೇಲೆ ಇವನು ಬೋರಲಾಗಿಯೇ ಮಲಗುತ್ತಾನೆ.

"ಏನಮ್ಮಾ, ನಮ್ಮುಡುಗನ್ನ ಚೆನ್ನಾಗಿ ನೋಡ್ಕೊತಿದೀಯಾ?" ಎಂದು ಅಣ್ಣ ಹುಡುಗಿಯನ್ನು ಕೇಳಿದ. ಕೋಣೆಯೊಳಗೆ ಬಂದು ಬಕೆಟ್ಟು, ಟವೆಲು, ಬೆನ್ನು ಹರಿದ ಮೂಟೆ ಎಲ್ಲ ನೋಡಿದ. "ಈ ಬಡಪಾಯಿ ಏನು ತಪ್ಪು ಮಾಡಿತ್ತೋ."

ಹುಡುಗಿ ಮೊದಲು ಆ ಟೇಪು ಹಾಕಿದಳು. ಟೊಂಯ್, ಟಿಣಿಂಗ್, ಅಯ್ಯಯ್ಯಪ್ಪಾ ನನ್ನ ಸೊಂಟ. ಅಣ್ಣ ಬಲಗಿವಿಯನ್ನು ಸ್ಪೀಕರಿನ ಕಡೆ ತಿರುಗಿಸಿ ಕೇಳಿ, ಹುಬ್ಬು ಗಂಟಿಕ್ಕಿದ. "ಇದ್ಯಾವುದೋ ಬೇರೆ ಕಾರ್ಟೂನು. ನಮ್ಮದಲ್ಲ." ಇವನು ಹುಡುಗಿಯ ಮುಖವನ್ನು ಗೆದ್ದವನಂತೆ ನೋಡಿದ. ಆಮೇಲೆ ಅವಳು ಇವನ ಏಟುಗಳನ್ನು ಹಾಕಿದಳು. ಧಪ್. ಧಪ್. ಧಪ್ ಧಪ್. ಕತ್ತಲಲ್ಲಿ ಪರದೆಯ ಬೆಳಕು ಅಣ್ಣನ ಮುಖದ ಮೇಲೆ ಆಡುತ್ತಿತ್ತು. ಆ ದುಂಡು ಮುಖ ಕರಗುತ್ತ ಬಂದು, ಕೆನ್ನೆಯ ಕೊಬ್ಬಿನೊಳಗಿಂದ ಹನ್ನೆರಡು ವರ್ಷದ ಚೂಪು ಗದ್ದದ ಹುಡುಗನೊಬ್ಬ ಇಣುಕಿದ. "ಇದೇ," ಎಂದ ಅಣ್ಣ, ಉಸಿರಿನಲ್ಲಿ. "ಇದೇ ಕಣಮ್ಮ. ಹೀಗೇ ಇತ್ತು. ಒಂಚೂರೂ ಹೆಚ್ಚುಕಮ್ಮಿ ಇಲ್ಲ. ಎಂಥಾ ದಿನಗಳೋ ಮಾರಾಯ ಅವು." ಕಣ್ಣೊರೆಸಿಕೊಳ್ಳಲು ಕರ್ಚೀಫು ತೆಗೆದವನು ಕಣ್ಣೊರೆಸಿಕೊಳ್ಳಲಿಲ್ಲ, ತನಗೇ ಗೊತ್ತಿಲ್ಲದೆ ಅದನ್ನು ಬಲಗೈ ಮುಷ್ಟಿಗೆ ಸುತ್ತುತ್ತಿದ್ದ, ಒಂದು ಸುತ್ತು, ಎರಡು ಸುತ್ತು, ತುದಿಯನ್ನು ಹೆಬ್ಬೆರಳ ಕೆಳಗೆ ಸಿಕ್ಕಿಸಿ. ಹುಡುಗಿ ಆ ಕೈ ನೋಡಿದಳು. ಇವನ ಕೈಯ ಟವೆಲು ನೋಡಿದಳು. ಅದೇ ಸುತ್ತು, ಅದೇ ಹೆಬ್ಬೆರಳು. ಅವಳ ಕಣ್ಣು ನಿಧಾನವಾಗಿ ಇವನ ಬೆನ್ನಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕದ್ದವನು ಹಾಯಾಗಿ ಕೂತಿದ್ದ, ಹೆಗಲು ಮುಟ್ಟಿಕೊಂಡವನು ಇವನು. ಗೆದ್ದ ಸುಖವೆಲ್ಲ ಜರ್ರನೆ ಇಳಿಯಿತು. ಸಾಕ್ಷಿಯೇನೋ ಸಿಕ್ಕಿತು. ಯಾವುದಕ್ಕೆ?

"ಕೊನೇ ಏಟು ಎಲ್ಲಿ?" ಎಂದ ಅಣ್ಣ, ಪರದೆ ಬೆಳ್ಳಗಾದಾಗ.

"ಬರ್ತಿಲ್ಲ ಅಣ್ಣ. ನೀನು ಹಾಕು."

"ನಾನಾ?" ಅಣ್ಣ ನಕ್ಕ. ಆದರೆ ಆಗಲೇ ಟವೆಲಿಗೆ ಕೈ ಚಾಚಿದ್ದ. ಮೂಟೆಗೆ ಗುದ್ದಿದ. ಪುಸ್ ಎಂದಿತು, ಒಳಗೆ ಚಿಂದಿ ಉಳಿದಿರಲಿಲ್ಲ. ಇವನು ಕುರ್ಚಿಯನ್ನು ಪಕ್ಕಕ್ಕೆ ತಳ್ಳಿದ. ಮೈಕನ್ನು ತನ್ನ ಎದೆಯ ಎತ್ತರಕ್ಕೆ ಇಳಿಸಿದ. ಅಂಗಿ ಕಳಚಿದ. ಗೋಡೆಯ ಕಡೆ ತಿರುಗಿ ಎರಡೂ ಕೈ ಊರಿ ನಿಂತ.

"ಮಾಸ್ಟರ್, ಇದೆಲ್ಲ ಬೇಡ," ಎಂದಿತು ಗಾಜಿನ ಆಚೆಯ ದನಿ.

"ನೀನು ದೀಪ ಹಾಕಮ್ಮ."

"ಏ ಹುಚ್ಚಾ, ಅಂಗಿ ಹಾಕ್ಕೊಳ್ಳೋ. ಆಟ ಆಡೋ ವಯಸ್ಸಾ ಇದು," ಎಂದು ಅಣ್ಣ ನಗುತ್ತಲೇ ಮೆಲ್ಲಗೆ ಒಂದು ಏಟು ಹಾಕಿದ, ಹಾಸಿಗೆ ತಟ್ಟಿದ ಹಾಗೆ.

"ಸಾಲ್ದು."

ಇನ್ನೊಂದು ಬಿತ್ತು. "ಸಾಲ್ದು ಅಣ್ಣ. ಅಂಗಡೀಲಿ ಕೂತು ಕೈಯೆಲ್ಲ ಹತ್ತಿ ಆಗಿದೆಯಾ? ಇದಕ್ಕೇನಾ ಮಿಂಚುಮುಷ್ಟಿ ಅಂತಿದ್ದದ್ದು?" ಹಿಂದೆ ನಗು ನಿಂತಿತು. ಬಟ್ಟೆ ಸರ್ ಎಂದಿತು. ಇವನು ಉಸಿರು ಬಿಗಿಹಿಡಿದ. ಮೂರನೆಯದು ಬಂತು. ಬೆನ್ನಿನ ಮಧ್ಯಕ್ಕೆ, ಕೈಗೆ ಎಟುಕದ ಆ ಜಾಗಕ್ಕೇ, ಅಷ್ಟು ವರ್ಷ ಆಚೆಯಿಂದ ದಾರಿ ತಪ್ಪದೆ ಬಂದು ಬಿತ್ತು. ಮೂಳೆಯೊಳಗೆ ಏನೋ ಕಡಿದಂತಾಯಿತು. ಮೊಣಕಾಲು, ಅಂಗೈ, ಕೆನ್ನೆ. ನೆಲದ ಕಾರ್ಪೆಟ್ಟಿನ ಧೂಳು ಬಾಯಿಗೆ ಬಂತು. ಉಸಿರೆತ್ತಲಿಲ್ಲ. ಅಪ್ಪ ಸತ್ತು ಎಷ್ಟೋ ವರ್ಷವಾಗಿತ್ತು, ಆದರೂ ಎತ್ತಲಿಲ್ಲ. ಅಣ್ಣ ಗಾಬರಿಯಾಗಿ ಪಕ್ಕದಲ್ಲಿ ಕುಕ್ಕರಿಸಿದ, "ಪೆಟ್ಟಾಯ್ತೇನೋ? ನಂಗೇನಾಗಿತ್ತೋ," ಎನ್ನುತ್ತ ಬೆನ್ನು ಸವರತೊಡಗಿದ. ಅವನ ಎಡಗಿವಿ ಇವನ ಬಾಯಿಯ ಹತ್ತಿರವಿತ್ತು, ಸುಟ್ಟ ಬೀಜದಂತೆ ಮುದುರಿದ ಆ ಕಿವಿ. ಇವನು ಅದರೊಳಕ್ಕೆ ಹೇಳಿದ, ಬಹಳ ಮೆಲ್ಲಗೆ: "ಅವತ್ತು ಏಟು ಬಿದ್ದಿರಲಿಲ್ಲ ಅಣ್ಣ. ನಾನು ಮುಂಚೇನೇ ಕೂಗಿದ್ದು. ಬೇಕು ಅಂತಾನೇ."

"ಏನಂದೆ?"

"ಏನಿಲ್ಲ."

ಕೆಂಪು ದೀಪ ಉರಿಯುತ್ತಿತ್ತು. ಮೈಕು ಇವರಿಬ್ಬರ ತಲೆಯ ಮೇಲೆಯೇ ಇತ್ತು. ಈ ಕೆಲಸದಲ್ಲಿ ತಲೆ ನರೆಸಿಕೊಂಡವನು ಅದನ್ನು ಮರೆತನೋ, ಮರೆತ ಹಾಗೆ ಮಾಡಿದನೋ. ಮುಂದೆ ಅವನನ್ನೇ ಕೇಳಿದ್ದರೂ ಹೇಳಲಾಗುತ್ತಿರಲಿಲ್ಲ. ಗಾಜಿನ ಆಚೆ ಹುಡುಗಿ ಹೆಡ್‌ಫೋನು ಎರಡು ಕೈಯಲ್ಲೂ ಒತ್ತಿಹಿಡಿದು ಮರದ ಹಾಗೆ ಕೂತಿದ್ದಳು. "ಹೇಗೆ ಬಂತು, ಹಾಕಮ್ಮ ಕೇಳೋಣ," ಎಂದ ಅಣ್ಣ. ಅವಳು ಇವನ ಕಡೆ ನೋಡಿದಳು. ಇವನು ಬೇಡ ಎನ್ನಬಹುದಿತ್ತು, ಕೈಯೊಂದನ್ನು ಆಡಿಸಿದ್ದರೆ ಸಾಕಿತ್ತು. ಆಡಿಸಲಿಲ್ಲ. ಅವಳು ಹಾಕಿದಳು.

ಸ್ಪೀಕರಿನಲ್ಲಿ ಏಟು ಬಿತ್ತು. ಅಣ್ಣನ ಗಾಬರಿಯ ಮಾತು ಬಂತು. ಆಮೇಲೆ, ಕೋಣೆಯಷ್ಟೇ ದೊಡ್ಡದಾಗಿ, ಇವನ ಪಿಸುಮಾತು. ಬಲಗಿವಿ ಮುಂದೆ ಮಾಡಿ ನಿಂತಿದ್ದ ಅಣ್ಣ ಹಾಗೇ ನಿಂತಿದ್ದ. ಟವೆಲಿನ ಸುತ್ತು ತಾನಾಗಿ ಸಡಿಲಾಗುತ್ತ ಬಂತು.

"ಮುಂಚೇನಾ?" ಎಂದ.

"ಹ್ಞೂಂ."

"ನಾನು ಇಷ್ಟು ವರ್ಷ ದಿನಾ ಅದನ್ನೇ..." ಅಣ್ಣ ತನ್ನ ಅಂಗೈ ನೋಡಿಕೊಂಡ. "ನೋವಾಗಿತ್ತು ಪಾಪ, ಮಗು ಕೂಗ್ತು, ಅಂದ್ಕೊಂಡು..."

"ಅದೊಂದಕ್ಕೇ ಯಾಕೆ ಅಣ್ಣ?" ಇವನು ನೆಲದಿಂದ ಎದ್ದು ಕೂತ. "ಬೀಳದೆ ಇರೋ ಅದೊಂದಕ್ಕೇ ಯಾಕೆ ಬೇಜಾರು ಮಾಡ್ಕೊಂಡೆ? ಉಳಿದದ್ದೆಲ್ಲ?"

"ಉಳಿದದ್ದು ಆಟ ಅಲ್ವೇನೋ," ಎಂದ ಅಣ್ಣ. ನಿಜವಾಗಿಯೂ ಅರ್ಥವಾಗದೆ ಕೇಳಿದ. ಆ ಮುಖದಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಇವನು ಬದುಕಿಕೊಳ್ಳುತ್ತಿದ್ದ.

"ಉಚ್ಚೇಲಿ ರಕ್ತ ಬರ್ತಿತ್ತು ಕಣೋ ನಂಗೆ." ಅಣ್ಣನಿಗೆ ಜೀವಮಾನದಲ್ಲಿ ಮೊದಲ ಸಲ ಕಣೋ ಎಂದಿದ್ದ. "ನೀನು ಬೆಲ್ಟು ತಿಂದಾಗ ಎಷ್ಟು ಖುಷಿ ಆಯ್ತು ಗೊತ್ತಾ? ಕಿವಿ ಹೋಯ್ತು ಅಂದಾಗ, ಸದ್ಯ ಅನ್ನಿಸ್ತು. ಸದ್ಯ."

ಟವೆಲು ನೆಲಕ್ಕೆ ಬಿತ್ತು. ಅಣ್ಣನ ಬರಿಗೈ ಎಲ್ಲಿಂದ ಬಂತೋ ಇವನಿಗೆ ಕಾಣಲಿಲ್ಲ. ಈ ಸಲ ಬೆನ್ನಿಗಲ್ಲ. ಎಡಗಿವಿಯ ಮೇಲೆ, ಅಂಗೈ ಪೂರ್ತಿ, ಅಪ್ಪನ ತೋಳು ಅಪ್ಪನ ಭುಜ ಎಲ್ಲ ಸೇರಿ. ಇವನ ತಲೆ ಗೋಡೆಗೆ ಬಡಿದು ವಾಪಸು ಬಂತು. ಸದ್ದಾಗಲಿಲ್ಲ. ಆಶ್ಚರ್ಯವೆಂದರೆ ಅದೇ. ಬೆಳಗಿನಿಂದ, ಅದಕ್ಕೂ ಮೊದಲು ಇಡೀ ಆಯುಸ್ಸು ಹುಡುಕಿದ ಆ ಏಟು ಕೊನೆಗೂ ಬಿದ್ದಿತ್ತು, ಬಿದ್ದವನಿಗೆ ಮಾತ್ರ ಅದರ ಸದ್ದು ಕೇಳಿಸಲಿಲ್ಲ. ಎಡಗಡೆ ಲೋಕವೇ ಆರಿಹೋಗಿ, ಅಲ್ಲೊಂದು ಸಣ್ಣ ಕುಯ್ ಎನ್ನುವ ಎಳೆ ಉಳಿಯಿತು. ಕಿವಿಯಿಂದ ಬಿಸಿಯಾದದ್ದು ಕುತ್ತಿಗೆಗೆ ಇಳಿಯಿತು. ಓಹೋ, ಇಷ್ಟು ವರ್ಷ ಅಣ್ಣನ ಆ ಪಕ್ಕದಲ್ಲಿ ಇದ್ದದ್ದು ಇದೇ ಎಂದುಕೊಂಡ.

ಅಣ್ಣ ಎದುರಿಗೆ ಕುಸಿದು ಕೂತಿದ್ದ. ಬಾಯಿ ಆಡುತ್ತಿತ್ತು, ಮೂಗು ಬಾಯಿ ಒಂದಾಗಿ ಅಳುತ್ತಿದ್ದ, ಎರಡೂ ಕೈಯಲ್ಲಿ ಇವನ ಬೆನ್ನು ತಬ್ಬಿ ಹಿಡಿದಿದ್ದ. ಇವನು ಬಿಡಿಸಿಕೊಳ್ಳಲಿಲ್ಲ. ಗಾಜಿನ ಆಚೆ ಹುಡುಗಿ ಎದ್ದು ನಿಂತಿದ್ದಳು, ಕೈ ಬಾಯಿಯ ಮೇಲೆ. ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಇವನು ಅಣ್ಣನ ಭುಜದ ಮೇಲಿನಿಂದ ಗಾಜಿನ ಕಡೆ ತಲೆಯೆತ್ತಿ ಕೇಳಿದ: "ಬಂತೇನಮ್ಮಾ?"

ಸ್ಪೀಕರಿನಲ್ಲಿ ಅವಳು ಏನೋ ಹೇಳಿದಳು. ಇವನಿಗೆ ಕುಯ್ ಎನ್ನುವುದರಾಚೆ ಏನೂ ತಿಳಿಯಲಿಲ್ಲ. ಅಣ್ಣ ಅಳು ನುಂಗಿ, ಕುತ್ತಿಗೆ ತಿರುವಿ, ಬಲಗಿವಿಯನ್ನು ಸ್ಪೀಕರಿನ ಕಡೆ ಮಾಡಿ ಕೇಳಿಸಿಕೊಂಡ. ಆಮೇಲೆ ತಮ್ಮನ ಇನ್ನೂ ಉಳಿದಿದ್ದ ಕಿವಿಗೆ ಬಾಯಿಟ್ಟು, ಭಾನುವಾರಗಳ ಅದೇ ಬಿಸಿ ಉಸಿರಿನಲ್ಲಿ, ಅವಳ ಮಾತನ್ನು ಹೇಳಿದ.

"ಬಂತಂತೆ ಕಣೋ."